ಮುಂದಿನ ಸಭೆಗೆ

ಹಳ್ಳಿಯ ಸಭಾಭವನದ ಬೀರುವಿನಲ್ಲಿ, ಚಹಾ ಲೋಟಗಳ ಹಿಂದೆ,
ಇಲಿ ಮೂಲೆ ಕಡಿದ ನಡಾವಳಿ ಪುಸ್ತಕ.

ಸಾವಿರದ ಒಂಬೈನೂರ ಇಪ್ಪತ್ತು, ಮಾರ್ಚ್. ಹಾಜರಿ ಹದಿಮೂರು.
ಯುದ್ಧಕ್ಕೆ ಹೋಗಿ ಬಾರದವರ ಹೆಸರು ಕಲ್ಲಿಗೆ.
ಶ್ರೀಮತಿ ಪಾರ್ಡೋ ಎದ್ದು ನಿಂತರು:
ನನ್ನ ಆಂಬ್ರೋಸನದೂ.
ಓಡಿಹೋದನೆಂದು ನಮ್ಮವರೇ ಗುಂಡಿಟ್ಟ ಹುಡುಗ.
ಪಾದ್ರಿ ಕೆಮ್ಮಿದರು. ಕಮ್ಮಾರ ತನ್ನ ಬೂಟು ನೋಡಿಕೊಂಡ.
ಆಂಬ್ರೋಸ್ ಪಾರ್ಡೋ ವಿಷಯ: ಮುಂದಿನ ಸಭೆಗೆ.

ಮುಂದಿನ ಸಭೆಗೆ ಕೆಟಲ್ ಬಂತು, ಸೋರುವ ಸೂರು ಬಂತು,
ಕ್ರಿಕೆಟ್ ಮೈದಾನಕ್ಕೆ ನುಗ್ಗಿದ್ದು ಯಾರ ಕುರಿ
ಎಂಬುದಕ್ಕೆ ಎರಡು ಪುಟ.
ಕಡೆಯಲ್ಲಿ, ಬೇರೆ ಶಾಯಿಯಲ್ಲಿ,
ಆಂಬ್ರೋಸ್ ಪಾರ್ಡೋ ವಿಷಯ: ಮುಂದಿನ ಸಭೆಗೆ.

ಇನ್ನೊಂದು ಯುದ್ಧ. ಲಂಡನ್ನಿನ ಮಕ್ಕಳಿಗೆ ಹಾಸಿಗೆ, ಹೊದಿಕೆ.
ರೈಲು ನಿಂತದ್ದು. ಶಾಲೆ ಮುಚ್ಚಿದ್ದು.
ಶ್ರೀಮತಿ ಪಾರ್ಡೋ ನಿಧನ; ಹೂವಿಗೆ ನಾಲ್ಕು ಶಿಲಿಂಗ್ ಮಂಜೂರು.
ವಿಷಯ: ಮುಂದಿನ ಸಭೆಗೆ.

ಈಗಿನ ಕಾರ್ಯದರ್ಶಿ ನೆಸ್ಟಾ, ಊರಿಗೆ ಹೊಸಬಳು,
ಪೆನ್ನಿನ ಮುಚ್ಚಳ ತೆಗೆದು ಕೇಳಿದಳು:
ಪ್ರತಿ ಸಲವೂ ಇದೇನು? ಹೊಡೆದುಹಾಕಲೇ?

ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಕಿವಿ ಮಂದವಾದ ವಿಲ್ಫ್ರೆಡ್ ಮಾತ್ರ
ಬಿಸ್ಕತ್ತು ಚಹಾದಲ್ಲಿ ಅದ್ದುತ್ತ ಅಂದ:
ಇರಲಿ ಬಿಡಮ್ಮ. ಆ ಹುಡುಗನ ಹೆಸರು
ಬರೆದಿರುವುದು ಅದೊಂದೇ ಕಡೆ.

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.
ನೆಸ್ಟಾ ಬರೆದುಕೊಂಡಳು.