ಸೆರೆಹಡಗು: ಮುನ್ನೂರನೆಯ ಅಚ್ಚು

ಮೇಜಿನ ತುದಿಗೆ ಕಿಟಕಿ, ಅಲ್ಲಿ ನಾನು. ನನ್ನ ಪಾಲಿಗೆ ಕೆಂಪು.
ಕುಂಟ ಎಲಿಜಾಗೆ ಆಕಾಶ, ಕೊನೆಗೆ ಡಾರ್ಕಸಳ ಕಡಲಹಸಿರು.
ನೂರು ಹಾಳೆಗೆ ಎರಡು ಶಿಲಿಂಗು,
ಬಣ್ಣ ಗೆರೆ ದಾಟಿದರೆ ಅದೂ ಇಲ್ಲ.

ನಮ್ಮ ಯುದ್ಧನೌಕೆಯ ಬಾವುಟಕ್ಕೆ ಒಂದು ಅದ್ದು,
ಹಿಡಿದು ತಂದ ಫ್ರೆಂಚ್ ಹಡಗಿನ ಮೇಲೆ ಹಾರುವ ನಮ್ಮದಕ್ಕೇ ಇನ್ನೊಂದು.
ಅದರ ಕೆಳಗೆ ಜೋತ ಅವರ ಬಾವುಟ ಬಿಳಿ.
ಸೋತವರಿಗೆ ಬಣ್ಣದ ಖರ್ಚಿಲ್ಲ,
ಕಾಗದವನ್ನು ಹಾಗೇ ಬಿಟ್ಟರಾಯಿತು.

ರಕ್ತ ಎಲ್ಲಿ ಹಚ್ಚಲಿ ಎಂದು ಮೊದಲ ದಿನ ಕೇಳಿದ್ದೆ.
ಯಜಮಾನ ಪೆನ್‌ಗೆಲ್ಲಿ ನಕ್ಕಿದ್ದ:
"ಊಟದ ಕೋಣೆಯ ಗೋಡೆಗೆ ಕಣೇ ಇದು."

ತಾಮ್ರದ ತಗಡು ಸವೆಯುತ್ತದೆ.
ಮೊದಲು ಹೋದದ್ದು ಫಿರಂಗಿಯ ಹೊಗೆ,
ಆಮೇಲೆ ಹಾಯಿಯ ಹೊಲಿಗೆ.
ಇವತ್ತಿನ ಕಂತೆಯಲ್ಲಿ
ಎರಡು ಹಡಗುಗಳ ನಡುವಿನ ಎಳೆಹಗ್ಗವೇ ಇಲ್ಲ;
ಕೂದಲೆಳೆಯಂಥ ಗೆರೆ, ಒರಸಿ ಒರಸಿ ಮಾಯ.
ಮುಂದಿನದು ತನ್ನ ಪಾಡಿಗೆ ಪೋರ್ಟ್ಸ್‌ಮತ್ತಿಗೆ ಹೊರಟಿದೆ,
ಹಿಂದಿನದು ಮೂತಿ ಎತ್ತಿ
ಗಾಳಿ ಕಾಯುತ್ತಿದೆ.

ಹೇಳಿದರೆ ಉಳಿ ತಂದು ಮತ್ತೆ ಕೊರೆಯುತ್ತಾರೆ.
ಬ್ರೆಸ್ಟಿನ ಸೆರೆಮನೆಯಲ್ಲಿ ಅಣ್ಣನಿಗೆ ಇದು ಮೂರನೇ ಚಳಿಗಾಲ.
ಬಾಯಿ ಬಿಡದೆ ಹಾಳೆಯನ್ನು ಅತ್ತ ಸರಿಸಿದೆ.
ಡಾರ್ಕಸ್ ಒಂದು ಗಳಿಗೆ ನೋಡಿದಳು,
ಹಗ್ಗವಿದ್ದ ಜಾಗಕ್ಕೂ
ಕಡಲು ಬಳಿದಳು.