ಒಂಬತ್ತನೇ ದಿನ

ಆಟಿಯಲ್ಲಿ ಮಳೆ ಒಂದು ಗಳಿಗೆ ಬಿಟ್ಟರೆ ಸಾಕು,
ಕೋಡಿ ಬೆಂಗ್ರೆಯ ನಮ್ಮ ತಾರಸಿ ತುಂಬಿಬಿಡುತ್ತದೆ:
ನಂಗು ಮೀನು, ಹರಿದ ಬಲೆ, ಮಕ್ಕಳ ಯೂನಿಫಾರಂ,
ಅವುಗಳ ನಡುವೆ ಒಂದು ಉಣ್ಣೆಯ ಅಂಗಿ.
ಕೆನೆಯ ಬಣ್ಣ. ಒದ್ದೆಯಾದರೆ ಒಂದು ಕುರಿಯಷ್ಟು ಭಾರ.
ಕಡವಿನ ದೋಣಿ ಇಳಿದು ಬಂದವರು ಕತ್ತೆತ್ತಿ ಕೇಳುತ್ತಾರೆ,
ಇದೆಂತ ಮಾರಾಯ್ತಿ, ನಮ್ಮ ಊರಲ್ಲಿ ಯಾರಿಗೆ ಇಷ್ಟು ಚಳಿ?

ನನ್ನ ಅಣ್ಣ ಪದ್ದು,
ಹಂಗಾರಕಟ್ಟೆಯಲ್ಲಿ ಇಂಜಿನ್ ಬಿಚ್ಚಿ ಬಿಚ್ಚಿ ಕಲಿತವನು,
ನಾಲ್ಕು ವರ್ಷ ಐರ್ಲೆಂಡಿನ ಕಿಲ್ಲಿಬೆಗ್ಸಿನಲ್ಲಿ
ಬಂಗುಡೆ ಹಿಡಿಯುವ ಬೋಟಿನಲ್ಲಿದ್ದ.
ಹೌದು, ಅಲ್ಲಿಯೂ ಬಂಗುಡೆಯೇ,
ಬೆನ್ನಿನ ಗೆರೆ ಮಾತ್ರ ಬೇರೆ ಯಾರದೋ ಕೈಬರಹ.
ಮೆಣಸು ಅರೆಯದೆ ತಿನ್ನುತ್ತಾರೆ ಅವರು;
ಅದೊಂದನ್ನು ಅಣ್ಣ ಇವತ್ತಿಗೂ ಕ್ಷಮಿಸಿಲ್ಲ.

ಅಲ್ಲಿಯ ಹಳಬರು ಈಜು ಕಲಿಯುತ್ತಿರಲಿಲ್ಲವಂತೆ.
ಕಡಲು ಕೈ ಹಿಡಿದ ಮೇಲೆ ಕೊಸರಾಡುವುದೆಂದರೆ
ಸಂಕಟವನ್ನು ಉದ್ದ ಮಾಡಿದ ಹಾಗೆ, ಅಷ್ಟೇ.
ದೋಣಿಯಲ್ಲಿ ಹಂದಿಯ ಹೆಸರೆತ್ತಬಾರದು,
ನರಿಯದ್ದೂ ಕೂಡದು.
ಹೊರಟಾಗ ಕೆಂಪು ಕೂದಲ ಹೆಣ್ಣು ಎದುರಾದರೆ
ತಿರುಗಿ ಮನೆಗೇ ಹೋಗಿ ಚಾ ಕುಡಿಯುವುದು.
ಕೇಳಿ ಅಣ್ಣ ನಗಲಿಲ್ಲ.
ಕತ್ತಲಲ್ಲಿ ಹಾವನ್ನು ಬಳ್ಳಿಯೆಂದು ಕರೆದೇ
ನಾವೆಲ್ಲ ದೊಡ್ಡವರಾದದ್ದು.

ಅವನಿದ್ದ ಕೋಣೆಯ ಒಡತಿ ಗ್ರಾನ್ಯ,
ಎಂಬತ್ತು ದಾಟಿಯೂ ಬೆರಳು ಮುದಿಯಾಗದವಳು.
ಇದು ಅವಳು ಮಗ ಕೊರ್ಮಾಕ್‌ನಿಗೆಂದು ಹೆಣೆದದ್ದು.
ಒಂದು ತೋಳು ಬಾಕಿ ಇರುವಾಗಲೇ ಅವನು ಹೊರಟ,
ಹಳೆಯ ನೀಲಿ ಜಾಕೆಟ್ಟಿನಲ್ಲಿ.
ಒಂದೊಂದು ಮನೆಗೆ ಒಂದೊಂದು ಹೆಣಿಗೆ,
ಮುಖ ಕರಗಿ ದಡಕ್ಕೆ ಬಂದವನನ್ನು
ಅಂಗಿ ನೋಡಿ ಗುರುತಿಸುತ್ತಿದ್ದರು ಎಂಬ ಕತೆ ಉಂಟಂತೆ.
ಅಣ್ಣ ಕೇಳಿದ. ಅಂಗಡಿಯವರ ಸುಳ್ಳು, ಎಂದಳು ಗ್ರಾನ್ಯ.
ಕೆಟಲಿಗೆ ನೀರು ತುಂಬಿಸಿ, ಬೆನ್ನು ಹಾಕಿ ನಿಂತು
ತಡೆದು ಅಂದಳು:
ಆದರೂ, ಅವನು ಇದನ್ನು ಹಾಕಿಕೊಂಡಿರಲಿಲ್ಲ.

ಎಂತ ಹೇಳುವುದೆಂದು ತಿಳಿಯದೆ ಅಣ್ಣ,
ನಮ್ಮ ಕಡಲು ಮೂರನೇ ದಿನ ಕೊಟ್ಟುಬಿಡುತ್ತದೆ, ಎಂದ.
ನಮ್ಮದು ಒಂಬತ್ತಕ್ಕೆ, ಎಂದಳು.
ತಣ್ಣೀರಲ್ಲವಾ, ನಿಧಾನ.
ಮೂವತ್ತೊಂದು ವರ್ಷದಿಂದ ಆ ಮನೆಯಲ್ಲಿ
ಎಂಟನೇ ದಿನ ಮುಗಿದಿಲ್ಲ.

ಅವನು ಊರಿಗೆ ಹೊರಡುವಾಗ ಮಡಿಸಿ ಕೊಟ್ಟಳು:
ಬಿಸಿಲಿನ ಊರಿಗೆ ಒಯ್ಯಿ,
ಒಮ್ಮೆ ಸರಿಯಾಗಿ ಒಣಗಲಿ.

ನಾನು ಬಲೆ ಹೆಣೆಯುವವಳು.
ಅವಳ ಭಾಷೆ ನನಗೆ ಬಾರದು, ಬೇಕಾಗಲೂ ಇಲ್ಲ.
ಎದೆ, ಬೆನ್ನು, ಬಲತೋಳು, ಎಡತೋಳು ಮೊಣಕೈಯವರೆಗೆ
ಕಣ್ಣು ಸಡಿಲ, ಹರಟೆ ಹೊಡೆಯುತ್ತ ಹಾಕಿದ ಕಣ್ಣು.
ಅಲ್ಲಿಂದ ಕೆಳಗೆ ಬಿಗಿ,
ಸೂಜಿಯ ಮೊನೆಯೂ ನುಗ್ಗದಷ್ಟು.
ಸುದ್ದಿ ಬಂದ ಸಾಲು ಯಾವುದೆಂದು
ಬೆರಳಿಟ್ಟು ತೋರಿಸಬಲ್ಲೆ.
ಅಣ್ಣನಿಗೆ ತೋರಿಸಿಲ್ಲ.

ಹೋದ ವರ್ಷ ನೂಲ ಹುಣ್ಣಿಮೆಗೆ
ಗುರಿಕಾರರು ಕಡಲಿಗೆ ಹಾಲೆರೆದು ಮುಗಿಸಿದ ಮೇಲೆ
ಪದ್ದು ಒಬ್ಬನೇ ಮುಂದೆ ಹೋಗಿ
ಇನ್ನೊಂದು ತೆಂಗಿನಕಾಯಿ ಎಸೆದ.
ಯಾರ ಲೆಕ್ಕದ್ದೆಂದು ಯಾರೂ ಕೇಳಲಿಲ್ಲ.
ಅದು ಮೂರು ಸಲ ನಮ್ಮ ಕಾಲಬುಡಕ್ಕೇ ಬಂತು.
ಕೊನೆಗೆ ನಾನೇ ಎತ್ತಿಕೊಂಡು ಅಳಿವೆಯವರೆಗೆ ನಡೆದು,
ಇಳಿತ ಶುರುವಾಗುವ ತನಕ ಕಾದು,
ನೀರಿಗೆ ಬಿಟ್ಟೆ. ಹೋಯಿತು.

ಪಡುವಣದಲ್ಲಿ ಮೋಡ ಕಪ್ಪಾಗಿದೆ,
ಅಂಗಿ ತೆಗೆಯಬೇಕು.
ಎಡತೋಳು ಇನ್ನೂ ಹಸಿ.
ನಂಗಿನ ವಾಸನೆ ಚೆನ್ನಾಗಿಯೇ ಹಿಡಿದಿದೆ;
ಗ್ರಾನ್ಯ ಬೈಯಲಿಕ್ಕಿಲ್ಲ.