ಮೈನಸ್ ಒಂದೂ ಮುಕ್ಕಾಲು

ರುವಿಯ ಹಿಂದಿನ ಗಲ್ಲಿಯಲ್ಲಿ
ಕನ್ನಡಕದ ಗಾಜು ಉಜ್ಜುವವನು ನಾನು.
ಹದಿನಾಲ್ಕು ವರ್ಷ. ಚಕ್ರ, ನೀರು, ಬೆರಳ ತುದಿಗೆ ಬಿಳಿ ಕೆಸರು.
ಯಾರದೋ ಮದುವೆಗೆ ಚಿನ್ನದ ಫ್ರೇಮು,
ಯಾರದೋ ಲೈಸೆನ್ಸಿಗೆ ಅಗ್ಗದ್ದು;
ಚೀಟಿಯ ನಂಬರಿನಂತೆ ಅಂಚು ಕೊರೆದು ಕೂರಿಸುತ್ತೇನೆ,
ಕಣ್ಣಿನ ಒಡೆಯರ ಮುಖ ನೋಡುವುದು ಕಡಿಮೆ.

ಆ ದಿನ ಚೀಟಿಯಲ್ಲಿ ಬಂದ ಹೆಸರು: ಮಿಸ್ರಿಯಾ, ಒಂಬತ್ತು ವರ್ಷ.
ಮೈನಸ್ ಒಂದೂ ಮುಕ್ಕಾಲು, ಎರಡೂ ಕಣ್ಣು.
ಹೋದ ವರ್ಷ ಬರೀ ಒಂದು.
ಮಗಳ ಗಾಜನ್ನು ನಾನೇ ಉಜ್ಜಿದೆ.
ಕೈ ನಡುಗಲಿಲ್ಲ; ಆದರೂ ಒಂದು ಒಡೆಯಿತು,
ಧಣಿ ಸಂಬಳದಲ್ಲಿ ಮುರಿದುಕೊಂಡ.

ಸುದ್ದಿ ಹೋದಲ್ಲೆಲ್ಲ ಮದ್ದು ಹುಟ್ಟಿತು.
ವಿಟ್ಲದಿಂದ ಉಮ್ಮ ಫೋನಿನಲ್ಲಿ: ಹೊನಗೊನೆ ಸೊಪ್ಪು ತಿನ್ನಿಸು.
ರುವಿಯಲ್ಲಿ ಹೊನಗೊನೆ! ಹುಡುಕಿದ್ದಕ್ಕೆ ಸಿಕ್ಕಿದ್ದು ಖಾರದ ಜರ್ಜೀರು,
ಅವಳು ಉಗಿದಳು.
ಮೇಲಿನ ಫ್ಲಾಟಿನ ಕುಂಞಾಲಿ: ಅಂಗೈ ಉಜ್ಜಿ ಕಣ್ಣ ಮೇಲಿಡಿ,
ಹುಟ್ಟುವ ಸೂರ್ಯನನ್ನು ದಿಟ್ಟಿಸಲಿ.
ಖೈರುನ್ನೀಸಾ ದೋಸೆಗೂ ಕ್ಯಾರೆಟ್ ತುರಿದಳು.
ನಾನು ಗಾಜಿನವನು, ನನಗೆ ಗೊತ್ತು:
ಉದ್ದ ಬೆಳೆದ ಕಣ್ಣುಗುಡ್ಡೆ
ಕ್ಯಾರೆಟ್ಟಿಗೆ ಹೆದರಿ ಗಿಡ್ಡವಾಗುವುದಿಲ್ಲ.
ಸೂರ್ಯನನ್ನು ಮಾತ್ರ ದಿಟ್ಟಿಸಬೇಡ ಮಗಳೇ, ಅದೊಂದು ಬೇಡ.

ಕಣ್ಣಿನ ಡಾಕ್ಟರು, ಸೂರ್ ಊರಿನ ಹೆಂಗಸು,
ಮುರುಕು ಹಿಂದಿಯಲ್ಲಿ ಹೇಳಿದ್ದು ಇಷ್ಟು:
ಕನ್ನಡಕ ಬಿಡಿಸಬೇಡಿ. ಮಗುವನ್ನು ಹೊರಗೆ ಬಿಡಿ.
ದಿನಕ್ಕೆ ಎರಡು ಗಂಟೆ ಬೆಳಕು. ದೂರ ನೋಡಲಿ.

ಹೊರಗೆ! ಜೂನಿನಲ್ಲಿ!
ಬಸ್‌ಸ್ಟಾಪಿನ ಬೆಂಚೇ ಕಾದ ಕಾವಲಿ.
ನಮ್ಮ ಮಕ್ಕಳ ದಿಗಂತವೆಂದರೆ
ಎದುರು ಬಿಲ್ಡಿಂಗಿನ ಏಸಿ ಪೆಟ್ಟಿಗೆಗಳು,
ಅಳೆದರೆ ಹನ್ನೊಂದು ಮೀಟರು.
ಆ ಹನ್ನೊಂದೂ ದಂಡ: ಅವಳ ಕಣ್ಣಿರುವುದು
ಗೇಣು ದೂರದ ಪರದೆಯಲ್ಲಿ.

ಹಾಗಾಗಿ ಸುಬಹಿ ನಮಾಜು ಮುಗಿದದ್ದೇ
ಹಳೇ ಕೊರೊಲ್ಲಾದಲ್ಲಿ ಮತ್ರಾದ ಕಡಲ ಕಟ್ಟೆಗೆ.
"ಉಪ್ಪಾ, ಏನು ನೋಡಬೇಕು?"
ಏನಾದರೂ. ಆ ಗುಡ್ಡದ ಕಾವಲು ಗೋಪುರ. ಅದರ ಕಿಂಡಿ.
ಕಿಂಡಿಯಲ್ಲಿ ಪಾರಿವಾಳ ಇದೆಯೋ ಇಲ್ಲವೋ, ಹೇಳು.
ಮೊದಲ ವಾರ ಅಳು. ಎರಡನೆಯ ವಾರ ಬಿಸ್ಕತ್ತಿನ ಲಂಚ.
ಮೂರನೆಯದಕ್ಕೆ ಮೀನಿನ ಸಾಲಿಮನ ಬೆಕ್ಕುಗಳ ಗುರುತಾಯಿತು.
ಅವುಗಳ ಹಿಂದೆ ಓಡಿದಳು,
ದೂರ ನೋಡಬೇಕೆನ್ನುವುದೇ ಮರೆಯಿತು;
ಮರೆತ ಮೇಲೆ ನೋಡಿದಳು.
ಹೋಂವರ್ಕಿನ ನಾಲ್ಕು ಪುಟಕ್ಕೊಮ್ಮೆ
ಟೆರೇಸು ಹತ್ತಿ ಬೋಳುಬೆಟ್ಟಕ್ಕೆ ಸಲಾಂ ಹೇಳಿ ಬರುವುದು,
ಈ ಕಾನೂನು ಅವಳದೇ.

ಡಿಸೆಂಬರ್. ಮತ್ತೆ ಆ ಕತ್ತಲ ಕೋಣೆ,
ಗೋಡೆಯ ಮೇಲೆ ಸಣ್ಣಗಾಗುತ್ತ ಹೋಗುವ ಅಕ್ಷರಗಳು.
ಮೈನಸ್ ಎರಡು.
ಇಳಿಯಲಿಲ್ಲ. ಕಾಲು ಏರಿತು.
ಡಾಕ್ಟರು ನಕ್ಕರು: ಇನ್ನೂ ಏರಬಹುದಿತ್ತು.
ಬೆಳಕೋ, ಅದೃಷ್ಟವೋ, ಬೆಕ್ಕೋ,
ಒಂದು ಮಗುವನ್ನು ನೋಡಿ ಹೇಳಲಾಗದು. ನಡೆಸಿ.

ಇವತ್ತು ಶುಕ್ರವಾರ, ಕಟ್ಟೆಯ ಮೇಲೆ ಕೂತಿದ್ದೇವೆ.
ಬಂದರಿಗೊಂದು ಹೊಸ ಹಡಗು.
ಹಳೇ ಗಾಜಿನಲ್ಲಿ ಅವಳು ಕಣ್ಣು ಕಿರಿದು ಮಾಡುತ್ತಾಳೆ,
ಹೆಸರನ್ನು ನಾನೇ ಓದಿ ಹೇಳುತ್ತೇನೆ, ಬಣ್ಣ ಹೋದ ಅಕ್ಷರ ಸಹಿತ.
ಆಮೇಲೆ ಪಾಕೀಟಿನಿಂದ ಬತಾಕ ಕಾರ್ಡು ತೆಗೆದು
ತೋಳಿನಳತೆಗೆ ಚಾಚುತ್ತೇನೆ. ತೋಳು ಸಾಲದು.
ನಲವತ್ತನಾಲ್ಕು ದಾಟಿತಲ್ಲ, ಹತ್ತಿರದ್ದೆಲ್ಲ ನನಗೆ ಮಂಜು.
ಅವಳು ಕಿತ್ತುಕೊಂಡು, ಕನ್ನಡಕ ಹಣೆಗೇರಿಸಿ,
ಮೂಗಿನ ತುದಿಗೆ ತಂದು ಓದುತ್ತಾಳೆ:
"ಮುಗಿಯೋದು ಫೆಬ್ರವರಿ ಹತ್ತೊಂಬತ್ತು, ಉಪ್ಪಾ.
ಅದು ದೂರವಾ, ಹತ್ತಿರವಾ?"

ಅಷ್ಟರಲ್ಲಿ ಸಾಲಿಮನ ಕುಂಟ ಬೆಕ್ಕು
ಬಂಗುಡೆಯ ತಲೆ ಕಚ್ಚಿಕೊಂಡು ಹೋಯಿತು.
ಕಾರ್ಡು ನನ್ನ ಮಡಿಲಿಗೆ ಬಿತ್ತು.
ಅವಳು ಆಗಲೇ ಬಹಳ ದೂರ.